ಉಂಡೆಲೆ ಎತ್ತುವವರು ಯಾರು?

ರಜೆಗೆಂದು ಬಂಗೂರನಗರಕ್ಕೆ ಬಂದಿದ್ದ ಮಗ, ನನ್ನ ಹಳೆಯ ಕಂಪ್ಯೂಟರಿಗೆ ನೆಟ್‌ಬಿಎಸ್‌ಡಿ ಎಂಬ ಯುನಿಕ್ಸ್ ಹಾಕಿಕೊಟ್ಟು ಹೋದ. ಜೊತೆಗೆ ಪಿಕೆಜಿಸೋರ್ಸ್. 1997ರಿಂದ ನಡೆದುಬಂದ ಇದನ್ನು ದೊಡ್ಡದೊಂದು ಅಡುಗೆ ಪುಸ್ತಕವೆನ್ನಿ. ತಂತ್ರಾಂಶದ ಸಾಮಾನು ಎಲ್ಲಿಂದ ತರಬೇಕು, ಹೇಗೆ ಕಟ್ಟಬೇಕು ಎಂಬುದೆಲ್ಲ ಅದರಲ್ಲಿದೆ. ಕಟ್ಟುವಾಗ ‘ವರ್ಕ್’ ಎಂಬ ಕೋಶದ ತುಂಬ ಪಾತ್ರೆ-ಪರಡಿ ಹರಡುತ್ತದೆ. ‘ಮೇಕ್ ಕ್ಲೀನ್’ ಎಂದರೆ ಅದನ್ನೆಲ್ಲ ತೊಳೆದಿಡಬೇಕು.

ಅವನು ಹೋದ ಮೇಲೆ ನಾನು ‘ಮೇಕ್ ಕ್ಲೀನ್’ ಎಂದೆ. ನಿನಗೆ ಅನುಮತಿಯಿಲ್ಲ ಎಂಬರ್ಥದ ಉತ್ತರ ಬಂತು. ಫೋನು ಮಾಡಿದರೆ, “ರೂಟ್ ಆಗಿ ಎಲ್ಲ ಅಳಿಸಿಬಿಡಮ್ಮ” ಎಂದ. ನನ್ನ ತಕರಾರು ಇಲ್ಲಿಂದಲೇ ಶುರು.

‘ಎಲ್‌ಎಸ್ -ಎಲ್’ ಎಂದು ನೋಡಿದೆ. ಕೋಶದ ಒಡೆಯ ರೂಟ್, ಅಂದರೆ ಯಂತ್ರದ ಯಜಮಾನ. ಮಗರಾಯ ಯಜಮಾನನ ವೇಷದಲ್ಲಿ ಅಡುಗೆ ಮಾಡಿ, ತೊಳೆಯುವುದನ್ನು ನನಗೆ ಬಿಟ್ಟಿದ್ದ! ಯುನಿಕ್ಸಿನಲ್ಲಿ ಕಡತ ಅಳಿಸಲು, ಆ ಕಡತ ಇರುವ ಕೋಶದಲ್ಲಿ ಬರೆಯುವ ಹಕ್ಕು ಬೇಕು. ಅಡುಗೆಮನೆಗೆ ಬೀಗ ಹಾಕಿ ಪಾತ್ರೆ ತೊಳೆ ಎಂದರೆ ಹೇಗೆ? ಶುಚಿ ಮಾಡುವಾಗ ತೋರಿದ ದೋಷ ಶುಚಿಯದಲ್ಲ, ಕಟ್ಟಿದವನದು.

ರೂಟ್ ಆಗಿ ಅಳಿಸುವುದು ಮದ್ದೇ? ಯಜಮಾನನಿಗೆ ಎದುರಾಡುವವರಿಲ್ಲ. ‘ಆರ್‌ಎಂ -ಆರ್‌ಎಫ್’ ಆಜ್ಞೆಯ ದಾರಿಯಲ್ಲಿ ಒಂದು ಖಾಲಿ ಜಾಗ ತಪ್ಪಿ ಬಿದ್ದರೂ ಬೇಡದ್ದರ ಜೊತೆ ಬೇಕಾದದ್ದೂ ಹೋಗುತ್ತದೆ. ಕೇಳುವುದೂ ಇಲ್ಲ, ತಿರುಗಿ ಕೊಡುವುದೂ ಇಲ್ಲ.

ಸರಿಯಾದ ದಾರಿ ಸುಲಭ. ಮೊದಲು ಒಡೆಯ ಯಾರೆಂದು ನೋಡಿ. ಆ ಒಂದು ಕೆಲಸದ ಕೋಶವನ್ನಷ್ಟೇ ‘ಚೌನ್’ ಆಜ್ಞೆಯಿಂದ ನಿಮ್ಮ ಹೆಸರಿಗೆ ಮಾಡಿಕೊಂಡು ‘ಮೇಕ್ ಕ್ಲೀನ್’ ಎನ್ನಿ. ಅದು ಅವಲಂಬಿಸಿದ ಇತರ ತಂತ್ರಾಂಶಗಳ ಕಸಕ್ಕೆ ‘ಮೇಕ್ ಕ್ಲೀನ್-ಡಿಪೆಂಡ್ಸ್’ ಇದೆ. ಮುಂದಿನ ಸಲ ಸಾಮಾನ್ಯ ಬಳಕೆದಾರರಾಗಿಯೇ ಕಟ್ಟಿ. ಸ್ಥಾಪಿಸುವ ಹೊತ್ತಿಗೆ ಪಿಕೆಜಿಸೋರ್ಸ್ ತಾನಾಗಿ ರೂಟ್‌ನ ಗುಪ್ತಪದ ಕೇಳುತ್ತದೆ. ಯಜಮಾನಿಕೆ ಅಷ್ಟು ಹೊತ್ತು ಸಾಕು.

ಕಾಗದದ ಗಿರಣಿಯ ಊರಿನವರಾದ ನಮಗೆ ಇದು ಬೇಗ ಅರ್ಥವಾಗಬೇಕು: ಕಾಗದ ಹೊರಬಂದಲ್ಲಿಗೆ ಕೆಲಸ ಮುಗಿಯಲಿಲ್ಲ, ಉಳಿದ ಕೊಳೆನೀರಿನ ಲೆಕ್ಕವೂ ತಯಾರಿಸಿದವರದೇ. ಮನೆಗಳಲ್ಲಿ ಮಾತ್ರ ಉಂಡವರು ಎದ್ದು ಹೋಗುತ್ತಾರೆ. ಎಲೆ ಎತ್ತುವವಳ ಕೆಲಸ ಲೆಕ್ಕಕ್ಕೇ ಸೇರುವುದಿಲ್ಲ. ಅಕ್ಕಂದಿರೇ, ಕಂಪ್ಯೂಟರಿಗೂ ಈ ಚಾಳಿ ಬೇಡ.

ಮಗನಿಗೆ ಹೇಳಿದ್ದೇನೆ: ಬರುವ ರಜೆಯಲ್ಲಿ ಏನು ಬೇಕಾದರೂ ಕಟ್ಟು. ತೊಳೆದಿಟ್ಟು ಬಸ್ಸು ಹತ್ತು.