ನಾಟಕದ ವಿಡಿಯೊ ಇದೆ, ನಟಿಸಿದ ಹುಡುಗಿಯ ಮಾತೆಲ್ಲಿ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಯಾವುದಾದರೂ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ನೋಡಿ. ಮಕ್ಕಳ ನಾಟಕ ಶುರುವಾಗುತ್ತಿದ್ದಂತೆ ಪೋಷಕರ ಮೊಬೈಲ್‌ಗಳು ಮೇಲೇಳುತ್ತವೆ. ಬೆಳಗಾಗುವಷ್ಟರಲ್ಲಿ ವಿಡಿಯೊ ವಾಟ್ಸಾಪ್ ಗ್ರೂಪಿನಲ್ಲಿರುತ್ತೆ. ದಾಖಲೆ ಆಯ್ತಲ್ಲ ಅಂತೀರಾ? ಅರ್ಧ ಮಾತ್ರ ಆಯ್ತು. ಹುಡುಗಿ ವೇದಿಕೆ ಮೇಲೆ ಏನು ಮಾಡಿದಳು ಅನ್ನೋದು ವಿಡಿಯೊದಲ್ಲಿದೆ. ಏನು ಮಾಡಬೇಕು ಅಂದುಕೊಂಡಿದ್ದಳು, ಎಲ್ಲಿ ಅದು ಕೈಕೊಟ್ಟಿತು ಅನ್ನೋದು ಅದರಲ್ಲಿಲ್ಲ.

ನಮ್ಮಲ್ಲಿ ಮೌಲ್ಯಮಾಪನ ಅಂದರೆ ಬೇರೆಯವರು ಮಾಡುವ ಕೆಲಸ. ಪ್ರತಿಭಾ ಕಾರಂಜಿಯನ್ನೇ ತೆಗೆದುಕೊಳ್ಳಿ. ಛದ್ಮವೇಷವೋ ಅಭಿನಯ ಗೀತೆಯೋ ಮುಗಿಯುತ್ತೆ, ತೀರ್ಪುಗಾರರು ಅಂಕ ಕೂಡುತ್ತಾರೆ, ಪ್ರಥಮ, ದ್ವಿತೀಯ, ತೃತೀಯ ಘೋಷಣೆಯಾಗುತ್ತೆ. ನಾಲ್ಕನೆಯವಳಿಗೆ ತಾನೇಕೆ ನಾಲ್ಕನೆಯವಳಾದೆ ಅನ್ನೋದು ತಿಳಿಯೋದೇ ಇಲ್ಲ. ಮೊದಲನೆಯವಳಿಗೂ ಅಷ್ಟೇ, ಗೆದ್ದದ್ದು ಯಾಕೆ ಅಂತ ಗೊತ್ತಿರಲ್ಲ.

ಈ ಭಾಗಕ್ಕೆ ರಂಗವಿಮರ್ಶೆ ಹೊಸದೇನಲ್ಲ. ಇಲ್ಲಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಪೌರಾಣಿಕ ನಾಟಕ ಆಡುತ್ತಾರೆ. ಮರುದಿನ ಟೀ ಅಂಗಡಿಯಲ್ಲಿ ಕೂತವರು ದುರ್ಯೋಧನನ ಶ್ರುತಿ ಎಲ್ಲಿ ತಪ್ಪಿತು ಅಂತ ಮುಲಾಜಿಲ್ಲದೆ ಹೇಳುತ್ತಾರೆ. ಆ ನಟನಿಗೆ ಅದೇ ಪಾಠ. ಶಾಲೆಯ ಮಕ್ಕಳಿಗೆ ಮಾತ್ರ ‘ಚೆನ್ನಾಗಿ ಮಾಡ್ದೆ ಕಣೋ’ ಅನ್ನೋ ಒಂದೇ ಮಾತು.

ಹಾಗಾದರೆ ಮಕ್ಕಳೇ ಬರೆಯಲಿ, ಅದಕ್ಕೂ ಅಂಕ ಕೊಡೋಣ ಅನ್ನೋದು ಸುಲಭದ ಉತ್ತರ. ಇಂಗ್ಲೆಂಡಿನಲ್ಲಿ ಅದು ಆಗಿದೆ. ಅಲ್ಲಿನ ಎಕ್ಯೂಎ ಮಂಡಳಿಯ ಜಿಸಿಎಸ್‌ಇ ನಾಟಕ ವಿಷಯದಲ್ಲಿ ವಿದ್ಯಾರ್ಥಿಗಳು ಸ್ವತಃ ಕಟ್ಟುವ ನಾಟಕಕ್ಕೆ ಒಟ್ಟು 80 ಅಂಕ. ಅಭಿನಯಕ್ಕೆ ಸಿಗೋದು 20. ಉಳಿದ 60 ಅಂಕ, ಕೆಲಸ ಹೇಗೆ ನಡೆಯಿತು, ತಾನು ಏನು ಸಾಧಿಸಿದೆ ಅಂತ ವಿದ್ಯಾರ್ಥಿ ದಾಖಲಿಸುವ ದಿನಚರಿಗೆ. ಅಂದರೆ ಆಡಿದ್ದಕ್ಕಿಂತ ಆಡಿದ್ದರ ಬಗ್ಗೆ ಯೋಚಿಸಿದ್ದಕ್ಕೆ ಮೂರು ಪಟ್ಟು ಬೆಲೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರಗತಿಪತ್ರದಲ್ಲಿ ಸ್ವಮೌಲ್ಯಮಾಪನ ಇರಬೇಕು ಅಂದಿತ್ತು.

ಆದರೆ ಇಂಜಿನಿಯರಿಂಗ್ ಓದಿದ ಯಾರನ್ನಾದರೂ ಲ್ಯಾಬ್ ರೆಕಾರ್ಡ್ ಬಗ್ಗೆ ಕೇಳಿ, ನಗುತ್ತಾರೆ. ಪ್ರಯೋಗದಲ್ಲಿ ಬಂದ ಅಳತೆ ಒಂದು, ರೆಕಾರ್ಡಿನಲ್ಲಿ ಬರೆಯೋ ಅಳತೆ ಇನ್ನೊಂದು. ಸೀನಿಯರ್ ಪುಸ್ತಕದಿಂದ ಇಳಿಸಿದ ಅಚ್ಚುಕಟ್ಟು ಗ್ರಾಫ್‌ಗೆ ಪೂರ್ತಿ ಅಂಕ, ತಪ್ಪಿದ ಪ್ರಯೋಗವನ್ನು ಇದ್ದ ಹಾಗೇ ಬರೆದವನಿಗೆ ‘ಮತ್ತೆ ಮಾಡು’. ಅಂಕಕ್ಕೆ ಕಟ್ಟಿಹಾಕಿದ ಕ್ಷಣ ಸ್ವಮೌಲ್ಯಮಾಪನ ಸ್ವಂತ ಜಾಹೀರಾತಾಗುತ್ತೆ. ತಾನು ಸಂಭಾಷಣೆ ಮರೆತೆ ಅಂತ ಬರೆದು ಅಂಕ ಕಳಕೊಳ್ಳಲು ಯಾವ ಮಗು ತಾನೆ ತಯಾರಿರುತ್ತೆ? ಎಐಗೆ ಹೇಳಿದರೆ ಈಗ ‘ಪ್ರಾಮಾಣಿಕ ಆತ್ಮಾವಲೋಕನ’ವೂ ಎರಡು ನಿಮಿಷದಲ್ಲಿ ಸಿದ್ಧ.

ಆದ್ದರಿಂದ ಬರೆಸಬೇಕು, ಆದರೆ ಅಂಕ ಕೊಡಬಾರದು. ನಾಟಕದ ಮೇಷ್ಟ್ರಿಲ್ಲದ ಶಾಲೆಯಲ್ಲೂ ಇದು ಸಾಧ್ಯ. ತಾಲೀಮಿನ ದಿನ ಎರಡು ಸಾಲು: ಇವತ್ತು ಪಾತ್ರದಲ್ಲಿ ಏನು ಬದಲಾಯಿಸಿದೆ, ಯಾಕೆ? ಪ್ರದರ್ಶನವಾದ ಮೇಲೆ, ವಿಡಿಯೊ ನೋಡುವ ಮುಂಚೆಯೇ ಅರ್ಧ ಪುಟ: ಪ್ರೇಕ್ಷಕರು ಎಲ್ಲಿ ನನ್ನ ಜೊತೆಗಿದ್ದರು, ಎಲ್ಲಿ ಕೈಬಿಟ್ಟರು? ಆಮೇಲೆ ವಿಡಿಯೊ ಹಾಕಿ ತಾಳೆ ನೋಡಲಿ. ತಾನು ಜೋರಾಗಿ ಹೇಳಿದೆ ಅಂದುಕೊಂಡ ಮಾತು ಹಿಂದಿನ ಸಾಲಿಗೆ ಕೇಳಿಸಿಯೇ ಇಲ್ಲ ಅನ್ನೋದು ಗೊತ್ತಾಗೋದು ಅಲ್ಲೇ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವಿನ ಆ ಅಂತರವೇ ಮುಂದಿನ ತಾಲೀಮಿನ ಪಾಠ. ಪುಸ್ತಕದ ಭಾಷೆ ಬೇಡ, ಮನೆಯಲ್ಲಿ ಮಾತಾಡೋ ಕನ್ನಡವೇ ಸಾಕು.

ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಹಾಡುವವರು, ಕುಣಿಯುವವರು ತಾವೇ ಬರೆದಿಡಲಾಗದಿದ್ದಾಗ ಇನ್ನೊಬ್ಬರು ಹೋಗಿ ಅವರ ಕಲೆಯನ್ನು ದಾಖಲಿಸಬೇಕಾಯಿತು. ಈಗಿನ ಮಕ್ಕಳಿಗೆ ಅಕ್ಷರವೂ ಇದೆ, ಮೊಬೈಲೂ ಇದೆ. ಎಸ್‌ಎಸ್‌ಎಲ್‌ಸಿಯಿಂದ ಕೆಲಸದ ಸಂದರ್ಶನದವರೆಗೆ ಅವರನ್ನು ಅಳೆಯೋಕೆ ಬೇರೆಯವರು ಕಾದೇ ಇರುತ್ತಾರೆ. ತನ್ನ ಕೆಲಸ ಹೇಗಿತ್ತು ಅಂತ ಭಯವಿಲ್ಲದೆ ತಾನೇ ಹೇಳಿಕೊಳ್ಳೋ ಒಂದು ಜಾಗವನ್ನಾದರೂ ಶಾಲೆ ಕೊಡಲಿ.