ದರ್ಜೆ ನೀಡುವವರೇ ಮಾರಾಟಗಾರರಾದರೆ?

ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ರಟ್ಟಿನ ಕಾರ್ಡುಗಳನ್ನು ಸಂಗ್ರಹಿಸುವ ಹವ್ಯಾಸ ಶತಮಾನಕ್ಕೂ ಹಳೆಯದು. ಸಿಗರೇಟು ಪೊಟ್ಟಣದೊಳಗೆ ಪುಕ್ಕಟೆಯಾಗಿ ಬರುತ್ತಿದ್ದ ಈ ಕಾರ್ಡುಗಳದು ಇಂದು ಕೋಟಿಗಟ್ಟಲೆ ಹಣದ ವ್ಯಾಪಾರ. ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಬೆಲೆ ನಿರ್ಧಾರವಾಗುವುದು ಆಟಗಾರನ ಕೀರ್ತಿಯಿಂದ ಮಾತ್ರವಲ್ಲ. ಕಾರ್ಡಿನ ಮೂಲೆ, ಅಂಚು, ಮೇಲ್ಮೈಗಳು ಎಷ್ಟು ಕೆಡದೆ ಉಳಿದಿವೆ ಎಂದು ಪರೀಕ್ಷಿಸಿ, ಖಾಸಗಿ ಕಂಪೆನಿಗಳು 1ರಿಂದ 10ರ ವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಯೊತ್ತುತ್ತವೆ. ಒಂದೇ ಅಂಕದ ಅಂತರದಿಂದ ಬೆಲೆ ಹಲವು ಪಟ್ಟು ಏರುವುದುಂಟು. ಹಾಗಾದರೆ ಆ ಅಂಕ ಕೊಡುವವರ ಹಿತಾಸಕ್ತಿ ಎಲ್ಲಿದೆ?

ಈ ಉದ್ಯಮದ ಅತಿ ದೊಡ್ಡ ಕಂಪೆನಿಯಾದ ಪಿ.ಎಸ್.ಎ. ಆರಂಭವಾದದ್ದು 1991ರಲ್ಲಿ. ಅದು ಪ್ರಪ್ರಥಮವಾಗಿ ಅಂಕ ಕೊಟ್ಟದ್ದು ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಅತಿ ವಿರಳ ಕಾರ್ಡಿಗೆ. ಹಾಕಿ ತಾರೆ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಡನೆ ಅದನ್ನು ಆಗಷ್ಟೇ 4 ಲಕ್ಷ 51 ಸಾವಿರ ಡಾಲರಿಗೆ ಕೊಂಡಿದ್ದರು. ದೊರೆತ ಅಂಕ 8. 2007ರಲ್ಲಿ ಅದೇ ಕಾರ್ಡು 28 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಆದರೆ 2013ರಲ್ಲಿ ಹರಾಜುದಾರ ಬಿಲ್ ಮ್ಯಾಸ್ಟ್ರೊ, ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ನೇರಗೊಳಿಸಿದ್ದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡನು. ವಂಚನೆಯ ಅಪರಾಧಕ್ಕಾಗಿ 2015ರಲ್ಲಿ ಅವನಿಗೆ 20 ತಿಂಗಳ ಸೆರೆವಾಸವಾಯಿತು. ಅಂಚು ಕತ್ತರಿಸಿದ ಕಾರ್ಡಿಗೆ ಅಂಕವನ್ನೇ ಕೊಡಬಾರದೆಂಬುದು ಈ ವ್ಯಾಪಾರದ ನಿಯಮ. ಹೊಸದಾಗಿ ಹುಟ್ಟಿದ ಕಂಪೆನಿಯೊಂದು, ದೇಶದ ಅತ್ಯಂತ ಪ್ರಸಿದ್ಧ ಕಾರ್ಡನ್ನು ತಿರಸ್ಕರಿಸಿ ಕಳುಹಿಸುವುದು ಸುಲಭವಿತ್ತೇ ಎಂಬುದನ್ನು ವಾಚಕರೇ ಊಹಿಸಬಹುದು.

ದೋಷ ಒಂದು ಪ್ರಕರಣಕ್ಕೆ ಸೀಮಿತವಾಗಿಲ್ಲ. ಅದು ವ್ಯವಸ್ಥೆಯಲ್ಲೇ ಇದೆ. ಪರೀಕ್ಷೆಯ ಶುಲ್ಕ ತೆರುವವನು ಹೆಚ್ಚಿನ ಅಂಕ ಬಯಸುವ ಮಾಲಿಕನೇ. ಆ ಶುಲ್ಕವೂ ಕಾರ್ಡಿನ ಬೆಲೆಗೆ ಅನುಗುಣ. ಅಂಕ ಹೆಚ್ಚಾಗಿ ಬೆಲೆ ಏರಿದರೆ ಶುಲ್ಕವೂ ಏರುತ್ತದೆ. ಅಡಿಕೆಯ ದರ್ಜೆಯನ್ನು ವ್ಯಾಪಾರಿಯೇ ತೀರ್ಮಾನಿಸಿದರೆ ಏನಾಗುತ್ತದೆಂದು ನಮ್ಮ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಅಲ್ಲಿ ದರ್ಜೆ ಕೆಳಕ್ಕೆ ಜಾರುವ ಭಯ, ಇಲ್ಲಿ ಮೇಲಕ್ಕೇರುವ ಆಮಿಷ, ಮೂಲ ಒಂದೇ.

2021ರಲ್ಲಿ ಪಿ.ಎಸ್.ಎ.ಯ ಒಡೆತನದ ಸಂಸ್ಥೆ ಗೋಲ್ಡಿನ್ ಎಂಬ ಹರಾಜು ಮನೆಯನ್ನೇ ಕೊಂಡುಕೊಂಡಿತು. ಅಂಕ ಕೊಡುವವರೂ, ಆ ಅಂಕದ ಬಲದಿಂದ ಮಾರಿ ದಲಾಲಿ ಪಡೆಯುವವರೂ ಒಂದೇ ಮನೆಯವರಾದರು. 2024ರಲ್ಲಿ ಗೋಲ್ಡಿನ್ ಈಬೇ ಕಂಪೆನಿಯ ಪಾಲಾಯಿತು. ಆದರೆ ಅದೇ ವರ್ಷ ಪಿ.ಎಸ್.ಎ.ಯ ಒಡೆಯರು, ಮ್ಯಾಂಟಲ್ ಕಾರ್ಡಿಗೆ ಅಂಕ ಕೊಟ್ಟಿದ್ದ ಪ್ರತಿಸ್ಪರ್ಧಿ ಎಸ್.ಜಿ.ಸಿ.ಯನ್ನು ಖರೀದಿಸಿದರು. ಒಬ್ಬರ ತೀರ್ಪನ್ನು ಒಪ್ಪದವರು ಇನ್ನೊಬ್ಬರಲ್ಲಿಗೆ ಹೋಗುವ ದಾರಿ ಅಷ್ಟರಮಟ್ಟಿಗೆ ಕಿರಿದಾಯಿತು.

ಪರೀಕ್ಷಕರಿಗೆ ಮಾಲಿಕರ ಹೆಸರು ತಿಳಿಯುವುದಿಲ್ಲ, ತಪ್ಪಾದರೆ ಪರಿಹಾರವಿದೆ ಎಂಬುದು ಕಂಪೆನಿಯ ಸಮಾಧಾನ. ಆದರೆ ತಪ್ಪಾಗಿದೆಯೇ ಎಂದು ಮೊದಲು ನೋಡುವವರೂ ಅವರೇ ತಾನೆ? ಪರೀಕ್ಷಕರೆಲ್ಲ ಅಪ್ರಾಮಾಣಿಕರೆಂಬುದು ನಮ್ಮ ಅಭಿಪ್ರಾಯವಲ್ಲ. ಪ್ರಾಮಾಣಿಕರಿಗೂ ಸಂಶಯದಿಂದ ರಕ್ಷಣೆ ಬೇಕು. ಶುಲ್ಕಕ್ಕೂ ಬೆಲೆಗೂ ಇರುವ ನಂಟು ಕಡಿಯಬೇಕು. ದರ್ಜೆ ಮತ್ತು ಮಾರಾಟ ಬೇರೆ ಬೇರೆ ಒಡೆತನದಲ್ಲಿರಬೇಕು. ದೂರುಗಳನ್ನು ಹೊರಗಿನವರು ವಿಚಾರಿಸಬೇಕು. ತಕ್ಕಡಿ ಹಿಡಿದವನಿಗೆ ಸರಕಿನಲ್ಲಿ ಪಾಲಿರಬಾರದು.