ಲಾಲ್‌ಬಾಗಿನ ಬಂಡೆಯೂ ಹೆಬ್ಬಾಳದ ರಸ್ತೆಯೂ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಹಳೆಯ ವಿದ್ಯಾರ್ಥಿನಿಯರ ವಾಡಿಕೆಯಂತೆ ಉಪಾಧ್ಯಾಯಿನಿಯರ ಗುಣಕೀರ್ತನೆ ಮಾಡಿ ಮುಗಿಸಬಹುದೆಂದು ಮೊದಲು ಎಣಿಸಿದ್ದೆನು. ಆದರೆ ಯಲಹಂಕ, ಹೆಬ್ಬಾಳ, ಯಶವಂತಪುರಗಳ ಕಡೆ ವಾಸಿಸುವ ನಮಗೆಲ್ಲ ಸಂಬಂಧಪಟ್ಟ ಒಂದು ವಿಷಯವು ಮನಸ್ಸನ್ನು ಕೊರೆಯುತ್ತಿರುವುದರಿಂದ ಅದನ್ನೇ ವಾಚಕರ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತದ ಬಳಿ ಕೆಂಪೇಗೌಡರ ಹೆಸರಿನ ಚಿಕ್ಕ ಗೋಪುರವೊಂದಿದೆ. ನಮ್ಮಲ್ಲಿ ಅನೇಕರು ಅದನ್ನು ದಿನವೂ ದಾಟಿ ಹೋಗುವರು. ಕಣ್ಣೆತ್ತಿ ನೋಡುವವರು ವಿರಳ. ಊರಿನ ಎಲ್ಲೆಯನ್ನು ಗುರುತಿಸಲು ಕಟ್ಟಿದವೆಂದು ಹೇಳುವ ನಾಲ್ಕು ಗೋಪುರಗಳಲ್ಲಿ ಇದು ಉತ್ತರದ್ದು. ಇದರ ಜೊತೆಯದೊಂದು ದಕ್ಷಿಣದಲ್ಲಿ, ಲಾಲ್‌ಬಾಗಿನ ಬಂಡೆಯ ನೆತ್ತಿಯ ಮೇಲಿದೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. 1760ರಲ್ಲಿ ಹೈದರಾಲಿಯು ಶಿರಾದ ತೋಟವನ್ನು ಮಾದರಿಯಾಗಿಟ್ಟುಕೊಂಡು ಅಲ್ಲಿ ಸುಮಾರು 40 ಎಕರೆಯ ತೋಟವನ್ನು ಹಾಕಿಸಿದಾಗ ಅದು ಕೋಟೆ ಪೇಟೆಗಳ ಹೊರಗಿನ ಬಯಲು. ಈಗ ತೋಟವು 240 ಎಕರೆಯಾಗಿದೆ. ಊರು ಎರಡು ಗೋಪುರಗಳನ್ನೂ ನುಂಗಿ ಯಲಹಂಕದ ಆಚೆಗೂ ಹೋಗಿದೆ.

ಆ ತೋಟವು ಒಬ್ಬರ ಕೈಯಿಂದ ಆದದ್ದಲ್ಲ. ತಂದೆಯ ಕೆಲಸವನ್ನು ಟಿಪ್ಪು ಸುಲ್ತಾನನು ಮುಂದುವರಿಸಿದನು. 1799ರಲ್ಲಿ ಅವನು ಮಡಿದ ಮೇಲೆ ಅದರ ಮೇಲ್ವಿಚಾರಣೆಗೆ ಬಂದ ಬೆಂಜಮಿನ್ ಹೈನ್ ಎಂಬವನು ತರಂಗಂಬಾಡಿಯ ಮಿಷನ್ನಿನೊಡನೆ ಈ ದೇಶಕ್ಕೆ ಬಂದವನು. ಸುವಾರ್ತೆಯ ಕೆಲಸಕ್ಕೆ ಬಂದು ಗಿಡಮೂಲಿಕೆಗಳಿಗೆ ಮನಸೋತವನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮೆರಾನ್ ಅದನ್ನು ಬಹಳವಾಗಿ ವಿಸ್ತರಿಸಿದನು. ಅವನ ಕಾಲದಲ್ಲಿಯೇ, 1889ರ ನವೆಂಬರ್ 30ರಂದು, ಗಾಜಿನ ಮನೆಗೆ ಅಸ್ತಿವಾರದ ಕಲ್ಲು ಬಿದ್ದಿತು. ನಾವು ವಾರಕ್ಕೆರಡು ಸಲ ಹುಳಿಗೆ ಹಾಕುವ ಸೀಮೆಬದನೆಕಾಯಿಯನ್ನು ಈ ಊರಿಗೆ ಪರಿಚಯ ಮಾಡಿಸಿದವನೂ ಅವನೇ. 1908ರಲ್ಲಿ ಜರ್ಮನಿ ದೇಶದ ಕ್ರುಂಬಿಗಲ್ ಬಂದನು. ಒಂದು ಜಾತಿಯ ಮರ ಹೂವು ಉದುರಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಆರಿಸಿ ಊರಿನ ಬೀದಿಗಳಿಗೆ ಸಾಲುಮರ ಹಾಕಿಸಿದ ಪುಣ್ಯಾತ್ಮನು ಅವನು. 1956ರಲ್ಲಿ ಇಲ್ಲಿಯೇ ತೀರಿಕೊಂಡು ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಲಗಿದ್ದಾನೆ. ಜಾಕರಾಂಡ, ಗುಲ್‌ಮೊಹರ್ ಮರಗಳು ಪರದೇಶದವೆಂದು ಕೆಲವರು ಮೂಗು ಮುರಿಯುವುದುಂಟು. ಹಾಗೆ ನೋಡಿದರೆ ನಮ್ಮ ಶಾಲೆಯ ಬೀಜವೂ ಕಡಲಾಚೆಯದೇ. ಈ ಮಣ್ಣಿನ ನೀರು ಕುಡಿದು ಈ ಮಣ್ಣಿನ ಮಕ್ಕಳಿಗೆ ನೆರಳು ಕೊಟ್ಟದ್ದನ್ನು ಪರಕೀಯವೆನ್ನಲು ನನಗೆ ನಾಲಗೆ ಬಾರದು.

ಇಷ್ಟನ್ನೆಲ್ಲ ನಾನು ತಿಳಿದುಕೊಂಡದ್ದು ದೊಡ್ಡವಳಾದ ಮೇಲೆ. ಹುಡುಗಿಯಾಗಿದ್ದಾಗ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದೆವು. ಇಬ್ಬಿಬ್ಬರಂತೆ ಕೈಹಿಡಿದು ಸಾಲಿನಲ್ಲಿ ನಡೆದೆವು. ಕಂಡದ್ದು ಮುಂದಿನವಳ ಜಡೆ, ಜನರ ಬೆನ್ನು, ಗುಲಾಬಿಯಿಂದ ಮಾಡಿದ ಏನೋ ಒಂದು ಗೋಪುರ. ಕಳೆದುಹೋಗದೆ ಮನೆ ಸೇರಿದ್ದೇ ಆ ದಿನದ ಸಾಧನೆ. ಪ್ರದರ್ಶನವನ್ನು ಹಳಿಯುತ್ತಿಲ್ಲ. ಆದರೆ ಕುಂಡದ ಹೂವು ಹತ್ತು ದಿನದ ಅತಿಥಿ. ಇನ್ನೂರು ವರ್ಷ ದಾಟಿದ ಆ ಬೂರುಗದ ಮರವು ಮನೆಯ ಯಜಮಾನಿ. ಅತಿಥಿಯನ್ನು ಮಾತನಾಡಿಸಿ ಯಜಮಾನಿಯನ್ನು ಕಾಣದೆ ಬರುವುದು ಯಾವ ಮರ್ಯಾದೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದಡಿಯಲ್ಲಿ ಸುರಂಗ ರಸ್ತೆಯನ್ನು ಮಾಡುವ ಯೋಜನೆಯಲ್ಲಿ, ಲಾಲ್‌ಬಾಗಿನ ಸುಮಾರು 6 ಎಕರೆ ನೆಲವು ಬೇಕಾಗುವುದೆಂದು 2025ರಲ್ಲಿ ಸುದ್ದಿಯಾಯಿತು. ಜನರು ವಿರೋಧಿಸಿದರು, ಅಧಿಕಾರದಲ್ಲಿದ್ದವರು ಯೋಜನೆಯನ್ನು ಬದಲಿಸುವ ಮಾತನ್ನಾಡಿದರು. ದಕ್ಷಿಣದ ಬಡಾವಣೆಗಳವರು ತೋಟದ ಬಾಗಿಲಲ್ಲಿ ನಿಂತು ಕೂಗಿದ್ದು ಸಹಜವೇ, ಅದು ಅವರ ಮನೆಯಂಗಳ. ನನಗೆ ನಾಚಿಕೆಯಾದದ್ದು ನಮ್ಮ ಮೌನಕ್ಕೆ. ಆ ರಸ್ತೆಯ ತಲೆಬಾಗಿಲು ಹೆಬ್ಬಾಳ. ಅದು ಉಳಿಸುವ ಅರ್ಧ ಗಂಟೆಯು ನಮ್ಮದು. ಯಾರ ಸೌಕರ್ಯದ ಹೆಸರಿನಲ್ಲಿ ಕೇಳಿಕೆ ಹೊರಡುತ್ತದೆಯೋ ಅವರೇ ಬೇಡವೆಂದರೆ ಆ ಮಾತಿಗೆ ಹೆಚ್ಚಿನ ತೂಕವುಂಟು.

ಸಂಜೆ ಮಕ್ಕಳು ಮಲಗಿದ ಮೇಲೆ ಮನೆ ಸೇರುವ ತಂದೆತಾಯಿಗಳ ಸಂಕಟ ನನಗೆ ತಿಳಿಯದೆ ಇಲ್ಲ. ನಾನೂ ಆ ದಾರಿಯವಳೇ. ಆದರೆ ಹೆಬ್ಬಾಳದ ಮೇಲುಸೇತುವೆಯು 2003ರಲ್ಲಿ ಆದಾಗಲೂ ಇನ್ನು ತೊಂದರೆಯಿಲ್ಲವೆಂದೇ ನಂಬಿದ್ದೆವು. 2025ರಲ್ಲಿ ಅದಕ್ಕೆ ಹೊಸ ಕವಲನ್ನು ಕೂಡಿಸಬೇಕಾಯಿತು. ರಸ್ತೆಯ ಹಸಿವು ಹಾಗೆಯೇ. ತೆಗೆದ ಮರಗಳಿಗೆ ಬದಲು ಬೇರೆಡೆ ನೆಡಬಹುದಲ್ಲವೆ ಎನ್ನುವವರಿಗೆ, ಶಾಲೆಯಲ್ಲಿ ನಾವೆಲ್ಲ ಕೇಳಿದ ನಾಬೋತನ ಕಥೆಯನ್ನು ನೆನಪಿಸಬೇಕು. ಅವನ ದ್ರಾಕ್ಷೆಯ ತೋಟವು ಅಹಾಬ ರಾಜನಿಗೆ ಅರಮನೆಯ ಮಗ್ಗುಲಿನ ಅನುಕೂಲವಾದ ಜಾಗ. ಅದಕ್ಕಿಂತ ಉತ್ತಮವಾದ ತೋಟ ಕೊಡುವೆನು, ಇಲ್ಲವೆ ಕ್ರಯ ಕೊಡುವೆನು ಎಂದನು ರಾಜ. ಪಿತೃಗಳಿಂದ ಬಂದ ಸ್ವತ್ತನ್ನು ಕೊಡಲಾರೆನೆಂದನು ಬಡವ. 300 ಕೋಟಿ ವರ್ಷದ ಬಂಡೆಗೆ ಬದಲು ಕಲ್ಲನ್ನು ಯಾವ ಊರಿನಿಂದ ತರುವರು?

ಆದಕಾರಣ ಶಾಲೆಯವರಲ್ಲಿಯೂ ಪೋಷಕರಲ್ಲಿಯೂ ನನ್ನದೊಂದು ಬಿನ್ನಹ. ವರ್ಷಕ್ಕೊಂದು ದಿನ, ಪ್ರದರ್ಶನವಿಲ್ಲದ ದಿನ, ಎಂಟನೆಯ ತರಗತಿಯ ಬಾಲಿಕೆಯರನ್ನು ಲಾಲ್‌ಬಾಗಿಗೆ ಕಳುಹಿಸಿಕೊಡಿ. ಪಾಠ ಕೆಡುವುದೆಂದು ತಾಯಂದಿರು ಅಂಜಬಾರದು. ಒಬ್ಬೊಬ್ಬಳೂ ಒಂದೊಂದು ಮರವನ್ನು ಆರಿಸಿಕೊಂಡು ಅದರ ಹೆಸರು, ತೊಗಟೆ, ಎಲೆ, ಹೂಬಿಡುವ ತಿಂಗಳನ್ನು ಬರೆದುಕೊಂಡು ಬರಲಿ. ಮರುವರ್ಷ ಹೋಗಿ ಅದೇ ಮರವನ್ನು ಹುಡುಕಲಿ. ಯಶವಂತಪುರದಲ್ಲಿ ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಲಾಲ್‌ಬಾಗ್ ನಿಲ್ದಾಣದಲ್ಲಿಯೇ ಇಳಿಯಬಹುದು. ಬುತ್ತಿ ಕಟ್ಟಿಕೊಂಡು ಜೊತೆಗೆ ಬರಲು ಹಳೆಯ ವಿದ್ಯಾರ್ಥಿನಿಯರಲ್ಲಿ ನಾನೊಬ್ಬಳು ಸಿದ್ಧಳಿದ್ದೇನೆ. ಇನ್ನೂ ನಾಲ್ಕು ಮಂದಿ ಬೇಕು.